ಮರಳಿ ಬರತಕ್ಕದ್ದು

ಗದಗಿನ ಹೆಡ್ ಪೋಸ್ಟಿನ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ.
ಪಾಸ್‌ಬುಕ್ಕು, ಉತಾರ, ಸತ್ತವರ ದಾಖಲೆ
ಎಲ್ಲಾ ಈ ಗಾಜಿನ ಮೇಲೆ ಬೋರಲು ಮಲಗಿ ಎದ್ದಿವೆ.
ಅವತ್ತು ಬಂದದ್ದು ಕೌದಿಯೊಳಗೆ ಸುತ್ತಿದ ಐದು ಕಿಲೋ ಕಬ್ಬಿಣ.
ಹೊತ್ತು ತಂದವರು ಹೊಂಬಳದ ರಾಚಪ್ಪ ಮಾಸ್ತರು,
ತಮ್ಮಂತೆಯೇ ಕಣ್ಣಿಲ್ಲದ ಹುಡುಗರಿಗೆ
ಮೂವತ್ತು ವರ್ಷ ಅಕ್ಷರ ಮುಟ್ಟಿಸಿದವರು.

"ಬ್ರೈಲ್ ಮಷಿನ್, ತಂಗಿ. ನಾಲ್ಕನೇ ಚುಕ್ಕಿ ಏಳವಲ್ದು.
ಗದಗ ಅಂತ ಒತ್ತಿದ್ರ ಹೇಹ ಅಂತ ಅಣಕಸತೈತಿ.
ಮರ ಅಂತ ಒತ್ತಿದ್ರ ಕರ ಅಂತ ಬೀಳತೈತಿ.
ಹುಬ್ಬಳ್ಳಿ ಹೊಲಿಗಿ ಮಷಿನ್ನಿನ ಮಿಸ್ತ್ರಿ ಬಿಚ್ಚಿ ನೋಡಿ ಕೈ ಮುಗದ.
ಹುಟ್ಟಿದ ಕಾರ್ಖಾನಿ ಜರ್ಮನಿಯೊಳಗೈತಿ,
ಕಳಸ್ರಿ, ಮಾಡಿ ಕೊಡ್ತೇವಿ ಅಂದಾರ.
ಫಾರ್ಮ್ ತುಂಬಬೇಕು."

ಒಳಗೇನಿದೆ? ಬರೆದೆ.
ಕಾರಣ? ಉಡುಗೊರೆ, ಮಾದರಿ, ಮಾರಾಟ, ಇತರೆ.
ಕೆಟ್ಟದ್ದಕ್ಕೆ ಅಲ್ಲೊಂದು ಚೌಕವಿಲ್ಲ.
ಇತರೆಗೆ ಗುರುತು ಹಾಕಿ, ಬದಿಯ ಸಂದಿಯಲ್ಲಿ
ಇರುವೆಯಷ್ಟು ಅಕ್ಷರದಲ್ಲಿ ಬರೆದೆ:
ದುರಸ್ತಿಗಾಗಿ. ಮಾರಾಟಕ್ಕಲ್ಲ. ಮರಳಿ ಬರತಕ್ಕದ್ದು.

ಬೆಲೆ?
ಹೆಚ್ಚು ಬರೆದರೆ ಮರಳುವಾಗ ಸುಂಕದ ಅಂಜಿಕೆ.
ಕಡಿಮೆ ಬರೆದು, ಅದು ಕಳೆದೇ ಹೋದರೆ
ಪರಿಹಾರ ಅಂತ ಚುರುಮುರಿ ದುಡ್ಡು.
"ಮಡಿವಾಳ ಇದರ ಮ್ಯಾಲೆ ಬಿ.ಎ. ಮಾಡಿದ,
ಅದನ್ನ ಹಿಡದು ಹೇಳ್ಲೋ, ಬಿಟ್ಟು ಹೇಳ್ಲೋ?"
ಬಿಟ್ಟೆವು. ಒಂಬತ್ತು ಸಾವಿರ.

ಹೋದದ್ದೇ ಬಂತು ಅನ್ನಲಿಕ್ಕೆ ನಂಬರ್ ಬೇಕಲ್ಲ.
ಬುಡ ಮೇಲು ಮಾಡಿದೆ. ಕಿಲುಬು, ಬಣ್ಣದ ಹಕ್ಕಳೆ.
ಟಾರ್ಚ್ ಬಿಟ್ಟೆ, ಏನೂ ಕಾಣಲಿಲ್ಲ.
ಮಾಸ್ತರು ಬೆರಳಾಡಿಸಿ, ಮುಂಜಾನೆಯ ಪೇಪರ್ ಓದಿದ ಹಾಗೆ,
"ಏಳು, ಸೊನ್ನಿ, ಮೂರು, ಮೂರು, ಎಂಟು."
ಸೀಮೆಸುಣ್ಣ ತಿಕ್ಕಿದ ಮೇಲೆ ನನಗೂ ಕಂಡಿತು.
ಫೋಟೋ ಹಿಡಿದೆ.

ಕೌಂಟರಿನ ಹೊಸ ಹುಡುಗ ಶಾಯಿಯ ಡಬ್ಬಿ ಮುಂದೆ ಸರಿಸಿದ.
"ಹೆಬ್ಬೆಟ್ಟೇನ್ರಿ?"
"ಪೆನ್ನು," ಅಂದರು.
ಪಟ್ಟಿಯ ಅಂಚಿಗುಂಟ ಸಹಿ ನಡೆಯಿತು,
ಗೀಟಿನಿಂದ ಕೂದಲೆಳೆಯೂ ಜಾರದೆ.
ಠಸ್ಸೆ ಬಿತ್ತು.

ಆಷಾಢ ಹೋಯಿತು. ಶ್ರಾವಣ ಹೋಯಿತು.
ಹುಡುಗರು ಹಳೆಯ ತಗಡಿನ ಹಲಗೆ, ಮೊಳೆ ಹಿಡಿದು
ಬಲದಿಂದ ಎಡಕ್ಕೆ ತಿರುವುಮುರುವು ಚುಚ್ಚುತ್ತಿದ್ದರಂತೆ.
ಮಹಾನವಮಿಯ ಹೊತ್ತಿಗೆ ಬಂತು, ಮಷಿನ್ ಅಲ್ಲ, ಚೀಟಿ.
ಮುಂಬೈಯಿಂದ: ಸದರಿ ವಸ್ತು ಹೊಸದೆಂದು ಕಂಡುಬರುತ್ತದೆ.
ಸುಂಕ ಕಟ್ಟತಕ್ಕದ್ದು.
ಆ ಪುಣ್ಯಾತ್ಮರು ತೊಳೆದು, ಬಣ್ಣ ಬಳಿದು ಕಳಿಸಿದ್ದರು.
ಮಾಸ್ತರು ಹೊಟ್ಟೆ ಹಿಡಿದು ನಕ್ಕರು,
"ಮರ ಒತ್ತಿದ್ದಕ್ಕ ಕರ ಬಿತ್ತು ನೋಡು!"

ನನಗೆ ನಗೆ ಬರಲಿಲ್ಲ. ಕಪಾಟು ಎಳೆದೆ.
ಯಾರ ಕಾಗದವನ್ನೂ ನಾನು ಒಂದೇ ಪ್ರತಿ ತೆಗೆದವಳಲ್ಲ.
ಠಸ್ಸೆ ಬಿದ್ದ ಫಾರ್ಮು, ಕಾರ್ಖಾನೆಯ ಪತ್ರ,
ಸುಣ್ಣ ಬಳಿದ ಆ ಐದು ಅಂಕಿ,
ಮೂರು ಮೂರು ಪ್ರತಿ ಮಾಡುವಷ್ಟರಲ್ಲಿ ಗಾಜು ಬೆಚ್ಚಗಾಯಿತು.
ದುಡ್ಡು ತಗೊಳ್ಳಲಿಲ್ಲ ಅಂತೇನಿಲ್ಲ, ತಗೊಂಡೆ,
ಪುಟಕ್ಕೆ ಎರಡು ರೂಪಾಯಿ.
ನೋಟಿನ ಉದ್ದ ಬೆರಳಲ್ಲಿ ಅಳೆದು ಕೊಟ್ಟರು.

ದೀಪಾವಳಿ ಮುಗಿದ ಮಂಗಳವಾರ ಪೆಟ್ಟಿಗೆ ಬಂತು.
ಕೌದಿಯೂ ಬಂತು, ನಮ್ಮವರು ಮಡಚದ ಹಾಗೆ ಮಡಚಿಕೊಂಡು.
ಜೊತೆಗೊಂದು ಸಣ್ಣ ಚೀಲದಲ್ಲಿ ಮುರಿದ ಸ್ಪ್ರಿಂಗು.
ಮೇಲೆ ಚೀಟಿ: ಹಳೆಯ ಭಾಗ. ಬೆಲೆ ಇಲ್ಲ.
ಮಾಸ್ತರು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.
ಬುಡ ಸವರಿ ನಂಬರ್ ಓದಿದರು.
ಹಾಳೆ ಏರಿಸಿ, ನನ್ನ ಗಲ್ಲೆಯ ಪಕ್ಕದಲ್ಲೇ
ಎರಡು ಸಲ ಒತ್ತಿದರು. ಎರಡೇ ಸಲ.
"ಏನೈತಿ, ಓದು."

ಕಣ್ಣು ಮುಚ್ಚಿ ಬೆರಳಿಟ್ಟೆ.
ಬೇಸಿಗೆಯ ಬೆವರುಸಾಲೆಯಂಥ ಗುಳ್ಳೆ, ಅಷ್ಟೇ.
ಓದಲಿಕ್ಕೆ ಬರಲಿಲ್ಲ, ಎಣಿಸಿದೆ.
ಮೊದಲ ಅಕ್ಷರಕ್ಕೆ ಮೂರು.
ಇಷ್ಟು ದಿನ ಎರಡೇ ಬೀಳುತ್ತಿದ್ದವಂತೆ.